ಬಾಡಿಗೆ ಮನೆಯ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ

ಸಂಪಾದಕರಿಗೆ,

ಮಾನ್ಯರೇ,

ತುಮಕೂರಿನ ಸುತ್ತಮುತ್ತ ಈಗ ಯಾವ ರಸ್ತೆಯಲ್ಲಿ ಹೋದರೂ ನಿವೇಶನ ಮತ್ತು ಮನೆ ಮಾರಾಟದ ಫಲಕಗಳು ಕಣ್ಣಿಗೆ ಬೀಳುತ್ತವೆ. ಕ್ಯಾತ್ಸಂದ್ರದಿಂದ ದಾಬಸ್‌ಪೇಟೆಯ ಕಡೆಗೂ, ಶಿರಾ ಗೇಟಿನಿಂದ ವಸಂತನರಸಾಪುರದ ಕಡೆಗೂ ರಾಗಿ ಹೊಲಗಳ ನಡುವೆ ಕಲ್ಲು ನೆಟ್ಟು ಬಣ್ಣದ ಬಾವುಟ ಕಟ್ಟಿರುವ ಬಡಾವಣೆಗಳು ಹೆಚ್ಚುತ್ತಿವೆ. ಬೆಂಗಳೂರಿನ ಮಾದಾವರದಿಂದ ತುಮಕೂರಿನವರೆಗೆ ಮೆಟ್ರೊ ರೈಲು ವಿಸ್ತರಿಸುವ ಪ್ರಸ್ತಾವವನ್ನೂ, ಗುಬ್ಬಿ ತಾಲ್ಲೂಕಿನಲ್ಲಿ 2023ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯನ್ನೂ ಮುಂದಿಟ್ಟುಕೊಂಡು, ಈಗ ಕೊಳ್ಳದವರು ಮುಂದೆಂದೂ ಕೊಳ್ಳಲಾರರು ಎಂಬ ಆತಂಕವನ್ನು ಮಧ್ಯಮ ವರ್ಗದ ಕುಟುಂಬಗಳಲ್ಲಿ ಬಿತ್ತಲಾಗುತ್ತಿದೆ. ಇದರ ಜೊತೆಗೆ, ಬಾಡಿಗೆ ಕಟ್ಟುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಎಂಬ ಮಾತು ಮದುವೆ ಮನೆಯಿಂದ ಕಚೇರಿಯ ಊಟದ ಕೋಣೆಯವರೆಗೆ ಎಲ್ಲೆಡೆ ಕೇಳಿಬರುತ್ತದೆ. ಹುಡುಗನಿಗೆ ಸ್ವಂತ ಮನೆ ಇದೆಯೇ ಎಂಬ ಪ್ರಶ್ನೆಗೆ ಉತ್ತರ ಇಲ್ಲವೆಂದಾದರೆ, ಅವನ ಸಂಬಳ, ವಿದ್ಯೆ, ನಡತೆ ಯಾವುದನ್ನೂ ವಿಚಾರಿಸದೆ ಸಂಬಂಧವನ್ನು ಬಿಟ್ಟುಬಿಡುವ ಮನೆತನಗಳೂ ಇವೆ.

ಬ್ಯಾಂಕೊಂದರ ಸಾಲ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದ ನಾನು, ಮೂವತ್ತು ಮೂವತ್ತೈದರ ವಯಸ್ಸಿನ ದಂಪತಿಗಳು ಈ ಒತ್ತಡಕ್ಕೆ ಸಿಕ್ಕಿ ತಮ್ಮ ಶಕ್ತಿ ಮೀರಿದ ಸಾಲಕ್ಕೆ ಸಹಿ ಹಾಕುವುದನ್ನು ಹತ್ತಿರದಿಂದ ಕಂಡಿದ್ದೇನೆ. ಅಂಥವರಿಗಾಗಿ ಈ ಪತ್ರವನ್ನು ಬರೆಯುತ್ತಿದ್ದೇನೆ. ದುಡಿಮೆಯ ಮೊದಲ ಹದಿನೈದು ಇಪ್ಪತ್ತು ವರ್ಷಗಳಲ್ಲಿ, ಕೈಯಲ್ಲಿ ದೊಡ್ಡ ಮೊತ್ತ ಇಲ್ಲದ ಕುಟುಂಬಕ್ಕೆ, ಬಾಡಿಗೆ ಮನೆಯಲ್ಲಿ ಇದ್ದುಕೊಂಡು ಉಳಿತಾಯ ಮಾಡುವುದು ಸಾಲ ಮಾಡಿ ಮನೆ ಕೊಳ್ಳುವುದಕ್ಕಿಂತ ಕಡಿಮೆಯ ದಾರಿಯಲ್ಲ. ಅನೇಕರ ಪಾಲಿಗೆ ಅದೇ ಹೆಚ್ಚು ಕ್ಷೇಮಕರವಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲಿಗೆ ಲೆಕ್ಕವನ್ನೇ ನೋಡೋಣ. ಉದಾಹರಣೆಗೆ 55 ಲಕ್ಷ ರೂಪಾಯಿ ಬೆಲೆಯ ಎರಡು ಮಲಗುವ ಕೋಣೆಗಳ ಒಂದು ಮನೆಯನ್ನು ತೆಗೆದುಕೊಳ್ಳೋಣ. ಅದರಲ್ಲಿ 15 ಲಕ್ಷ ಸ್ವಂತ ಹಣ, ಉಳಿದ 40 ಲಕ್ಷ ಬ್ಯಾಂಕ್ ಸಾಲ ಎಂದಿಟ್ಟುಕೊಳ್ಳೋಣ. ಶೇ 8.5ರ ಬಡ್ಡಿಯಲ್ಲಿ 20 ವರ್ಷಗಳ ಅವಧಿಗೆ ಆ ಸಾಲದ ತಿಂಗಳ ಕಂತು ಸುಮಾರು 34,700 ರೂಪಾಯಿ ಆಗುತ್ತದೆ. ಮೊದಲ ತಿಂಗಳ ಕಂತಿನಲ್ಲಿ 28,300 ರೂಪಾಯಿಗೂ ಹೆಚ್ಚು ಹಣ ಬಡ್ಡಿಗೇ ಹೋಗುತ್ತದೆ. ಅಸಲಿಗೆ ಜಮೆಯಾಗುವುದು 6,400 ರೂಪಾಯಿಯಷ್ಟು ಮಾತ್ರ. ಇಪ್ಪತ್ತು ವರ್ಷ ತಪ್ಪದೆ ಕಟ್ಟಿದರೆ ಒಟ್ಟು 83 ಲಕ್ಷಕ್ಕೂ ಹೆಚ್ಚು ಹಣ ಕಟ್ಟಿದಂತಾಗುತ್ತದೆ, ಅಂದರೆ ಪಡೆದ ಸಾಲಕ್ಕಿಂತ ಹೆಚ್ಚಿನ ಮೊತ್ತ ಬಡ್ಡಿಯ ಬಾಬ್ತಿನಲ್ಲೇ ಸಂದಾಯವಾಗುತ್ತದೆ. ಈ ಸಂಗತಿಯನ್ನು ಸಾಲ ಪಡೆಯುವವರಲ್ಲಿ ಅನೇಕರು ಓದಿ ತಿಳಿದಿರುತ್ತಾರೆ. ಆದರೆ ಮೊದಲ ಐದು ವರ್ಷಗಳಲ್ಲಿ ಏನಾಗುತ್ತದೆ ಎಂಬುದನ್ನು ಗಮನಿಸುವವರು ವಿರಳ.

ಐದು ವರ್ಷಗಳ ಕೊನೆಗೆ ಈ ಸಾಲಗಾರ ಬ್ಯಾಂಕಿಗೆ 20 ಲಕ್ಷದ 80 ಸಾವಿರ ರೂಪಾಯಿ ಕಟ್ಟಿರುತ್ತಾನೆ. ಆದರೂ ಅವನ ಸಾಲ ಇಳಿದಿರುವುದು 4 ಲಕ್ಷದ 75 ಸಾವಿರದಷ್ಟು ಮಾತ್ರ, ಇನ್ನೂ 35 ಲಕ್ಷದ 25 ಸಾವಿರದಷ್ಟು ಬಾಕಿ ಉಳಿದಿರುತ್ತದೆ. ಉಳಿದ 16 ಲಕ್ಷ ರೂಪಾಯಿ ಬಡ್ಡಿಯಾಗಿ ಹೋಗಿರುತ್ತದೆ. ಇದಕ್ಕೆ ನೋಂದಣಿಯ ವೆಚ್ಚವನ್ನು ಸೇರಿಸಬೇಕು. ನಮ್ಮ ರಾಜ್ಯದಲ್ಲಿ 45 ಲಕ್ಷಕ್ಕೆ ಮೇಲ್ಪಟ್ಟ ಆಸ್ತಿಗೆ ಶೇ 5ರ ಮುದ್ರಾಂಕ ಶುಲ್ಕ, ಅದರ ಮೇಲೆ ಉಪಕರ ಮತ್ತು ಸರ್‌ಚಾರ್ಜ್, ಜೊತೆಗೆ 2025ರ ಆಗಸ್ಟ್ ಕೊನೆಯಿಂದ ಶೇ 1ರ ಬದಲು ಶೇ 2ಕ್ಕೆ ಏರಿಸಲಾದ ನೋಂದಣಿ ಶುಲ್ಕ ಎಲ್ಲವೂ ಸೇರಿ ನಗರ ಪ್ರದೇಶದಲ್ಲಿ ಸುಮಾರು ಶೇ 7.6 ಆಗುತ್ತದೆ. 55 ಲಕ್ಷದ ಮನೆಗೆ ಇದು 4 ಲಕ್ಷದ 18 ಸಾವಿರ ರೂಪಾಯಿ. ಬಡ್ಡಿ ಮತ್ತು ನೋಂದಣಿ ಎರಡನ್ನೂ ಕೂಡಿಸಿದರೆ ಐದು ವರ್ಷಗಳಲ್ಲಿ ಮರಳಿ ಬಾರದಂತೆ ಕೈಬಿಟ್ಟ ಹಣ 20 ಲಕ್ಷವನ್ನು ದಾಟುತ್ತದೆ. ಅಂಥದೇ ಮನೆಯಲ್ಲಿ ತಿಂಗಳಿಗೆ 14,000 ರೂಪಾಯಿ ಬಾಡಿಗೆಗೆ ಇದ್ದು, ಪ್ರತಿ ವರ್ಷ ಶೇ 5ರಷ್ಟು ಏರಿಕೆಯನ್ನೂ ಒಪ್ಪಿಕೊಂಡ ಕುಟುಂಬ ಅದೇ ಐದು ವರ್ಷಗಳಲ್ಲಿ ಕೊಟ್ಟಿರುವ ಒಟ್ಟು ಬಾಡಿಗೆ 9 ಲಕ್ಷದ 28 ಸಾವಿರದಷ್ಟು. ಮನೆ ಮಾಲೀಕನಿಗೆ ಕೊಟ್ಟ ಒಂಬತ್ತು ಲಕ್ಷವನ್ನು ಪೋಲು ಎನ್ನುವ ನಾವು, ಬ್ಯಾಂಕಿಗೂ ಸರ್ಕಾರಕ್ಕೂ ಕೊಟ್ಟ ಇಪ್ಪತ್ತು ಲಕ್ಷವನ್ನು ಆಸ್ತಿ ಎಂದು ಕರೆಯುತ್ತೇವೆ. ಸಾಲದ ಬಡ್ಡಿಯೆಂದರೆ ಬೇರೆಯವರ ಹಣವನ್ನು ಬಳಸಿದ್ದಕ್ಕೆ ಕೊಡುವ ಬಾಡಿಗೆ. ಬೇರೆಯವರ ಮನೆಯನ್ನು ಬಳಸಿದ್ದಕ್ಕೆ ಕೊಡುವ ಬಾಡಿಗೆಯನ್ನು ಮಾತ್ರ ಹೀನಾಯವಾಗಿ ಕಾಣುವುದಕ್ಕೆ ನನಗೆ ಯಾವ ಕಾರಣವೂ ತೋರುವುದಿಲ್ಲ.

ಬಾಡಿಗೆ ವರ್ಷವರ್ಷವೂ ಏರುತ್ತದೆ, ಕಂತು ಏರುವುದಿಲ್ಲ ಎಂಬ ವಾದವನ್ನು ಮನೆ ಮಾರುವವರು ತಪ್ಪದೆ ಮುಂದಿಡುತ್ತಾರೆ. ಮೇಲಿನ ಉದಾಹರಣೆಯಲ್ಲೇ 14,000 ರೂಪಾಯಿ ಬಾಡಿಗೆ ಪ್ರತಿ ವರ್ಷ ಶೇ 5ರಂತೆ ಏರುತ್ತಾ ಹೋದರೆ ಅದು 34,700 ರೂಪಾಯಿಯ ಕಂತನ್ನು ದಾಟುವುದು ಇಪ್ಪತ್ತನೆಯ ವರ್ಷದಲ್ಲಿ, ಅಂದರೆ ಸಾಲ ತೀರುವ ಕೊನೆಯ ವರ್ಷದಲ್ಲಿ. ಅಲ್ಲಿಯವರೆಗೆ ಪ್ರತಿ ತಿಂಗಳೂ ಬಾಡಿಗೆದಾರನ ಕೈಯಲ್ಲಿ ಒಂದಿಷ್ಟು ಹಣ ಉಳಿಯುತ್ತದೆ. ಮೊದಲ ವರ್ಷದಲ್ಲಿ ಅದು ತಿಂಗಳಿಗೆ 20,000 ರೂಪಾಯಿಗೂ ಹೆಚ್ಚು. ಇನ್ನು ಕಂತು ಏರುವುದಿಲ್ಲ ಎಂಬ ಮಾತು ಬದಲಾಗುವ ಬಡ್ಡಿದರದ ಸಾಲಗಳ ಮಟ್ಟಿಗೆ ಸರಿಯಲ್ಲ. ರಿಸರ್ವ್ ಬ್ಯಾಂಕ್ ಇತರ ಬ್ಯಾಂಕುಗಳಿಗೆ ಸಾಲ ಕೊಡುವ ಬಡ್ಡಿದರ, ಅಂದರೆ ರೆಪೊ ದರ, 2022ರ ಮೇ ತಿಂಗಳ ಆರಂಭದಲ್ಲಿ ಶೇ 4 ಇದ್ದದ್ದು 2023ರ ಫೆಬ್ರುವರಿಯ ಹೊತ್ತಿಗೆ ಶೇ 6.5 ಆಯಿತು. ಶೇ 6.75ರ ಬಡ್ಡಿಗೆ 20 ವರ್ಷಗಳ ಅವಧಿಗೆ 40 ಲಕ್ಷ ಸಾಲ ಪಡೆದವನ ಕಂತು 30,400 ರೂಪಾಯಿಯಷ್ಟಿತ್ತು. ಬಡ್ಡಿ ಎರಡೂವರೆ ಅಂಶ ಏರಿ ಶೇ 9.25 ಆದಾಗ 40 ಲಕ್ಷಕ್ಕೆ ಒಂದು ತಿಂಗಳ ಬಡ್ಡಿಯೇ 30,800 ರೂಪಾಯಿಯನ್ನು ದಾಟುತ್ತದೆ. ಆ ಅವಧಿಯಲ್ಲಿ ಅನೇಕ ಸಾಲಗಾರರ ಕಂತು ಬಹುಪಾಲು ಬಡ್ಡಿಗೇ ವಜಾ ಆಗಿ, ಸಾಲದ ಅವಧಿ ಅವರ ನಿವೃತ್ತಿಯ ಆಚೆಗೆ ಬೆಳೆಯಿತು. ಅವಧಿ ಹೆಚ್ಚಿಸಬೇಕೋ ಕಂತು ಹೆಚ್ಚಿಸಬೇಕೋ ಎಂಬ ಆಯ್ಕೆಯನ್ನು ಗ್ರಾಹಕನಿಗೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ 2023ರ ಆಗಸ್ಟ್‌ನಲ್ಲಿ ಸುತ್ತೋಲೆ ಹೊರಡಿಸಬೇಕಾಗಿ ಬಂದದ್ದು ಈ ಹಿನ್ನೆಲೆಯಲ್ಲಿ. 2025ರಲ್ಲಿ ದರಗಳು ಮತ್ತೆ ಇಳಿದವು ನಿಜ, ಆದರೆ ಇಪ್ಪತ್ತು ವರ್ಷಗಳ ಸಾಲದ ಅವಧಿಯಲ್ಲಿ ಇಂಥ ಏರಿಳಿತಗಳು ಒಂದಕ್ಕಿಂತ ಹೆಚ್ಚು ಬಾರಿ ಬರುತ್ತವೆ ಎಂದೇ ಕುಟುಂಬ ಸಿದ್ಧವಾಗಿರಬೇಕಾಗುತ್ತದೆ.

ಇಪ್ಪತ್ತು ವರ್ಷಗಳ ಕೊನೆಗೆ ಏನಾಗುತ್ತದೆ ಎಂಬುದನ್ನೂ ಪ್ರಾಮಾಣಿಕವಾಗಿ ಹೇಳಬೇಕು. ಮನೆ ಕೊಳ್ಳದ ಕುಟುಂಬ ತನ್ನಲ್ಲಿದ್ದ 15 ಲಕ್ಷವನ್ನೂ, ನೋಂದಣಿಗೆ ಹೋಗಬಹುದಾಗಿದ್ದ 4 ಲಕ್ಷವನ್ನೂ, ಪ್ರತಿ ತಿಂಗಳು ಕಂತಿಗೂ ಬಾಡಿಗೆಗೂ ಇರುವ ವ್ಯತ್ಯಾಸದ ಹಣವನ್ನೂ ಶೇ 7ರ ಬಡ್ಡಿ ಬರುವಲ್ಲಿ ತೊಡಗಿಸುತ್ತಾ ಹೋದರೆ, ತೆರಿಗೆಯನ್ನು ಕಳೆಯುವ ಮೊದಲು ಅದು ಸುಮಾರು 1 ಕೋಟಿ 45 ಲಕ್ಷ ರೂಪಾಯಿ ಆಗುತ್ತದೆ. ಅತ್ತ 55 ಲಕ್ಷದ ಮನೆಯ ಬೆಲೆ ಪ್ರತಿ ವರ್ಷ ಶೇ 5ರಂತೆ ಏರಿದರೆ 1 ಕೋಟಿ 45 ಲಕ್ಷದ ಆಸುಪಾಸಿಗೆ ಬರುತ್ತದೆ. ಎರಡೂ ಹೆಚ್ಚುಕಡಿಮೆ ಸಮವೆಂದೇ ಇದರ ಅರ್ಥ. ಬೆಲೆ ಇನ್ನೂ ವೇಗವಾಗಿ ಏರುವ ಬಡಾವಣೆಯಲ್ಲಿ ಕೊಂಡವನು ಮುಂದಿರುತ್ತಾನೆ, ಏರದ ಕಡೆಯಲ್ಲಿ ಕೊಂಡವನು ಹಿಂದುಳಿಯುತ್ತಾನೆ. ಆದರೆ ಮಾಲೀಕನ ಲೆಕ್ಕದಿಂದ ಇಪ್ಪತ್ತು ವರ್ಷಗಳ ಆಸ್ತಿ ತೆರಿಗೆ, ಸುಣ್ಣಬಣ್ಣ, ತಾರಸಿಯ ಸೋರಿಕೆಯ ದುರಸ್ತಿ, ಕೊಳವೆಬಾವಿಯ ಮೋಟಾರು ಮುಂತಾದವನ್ನು ಕಳೆಯಬೇಕು. ಅಲ್ಲದೆ ಬೆಲೆ ಏರುವುದು ಮುಖ್ಯವಾಗಿ ನೆಲಕ್ಕೆ, ಕಟ್ಟಡ ಹಳೆಯದಾದಂತೆ ಅದರ ಮೌಲ್ಯ ಇಳಿಯುತ್ತಲೇ ಹೋಗುತ್ತದೆ. ಮಗಳ ಕಾಲೇಜು ಶುಲ್ಕಕ್ಕೋ ತಂದೆಯ ಶಸ್ತ್ರಚಿಕಿತ್ಸೆಗೋ ಐದು ಲಕ್ಷ ಬೇಕಾದಾಗ ಮನೆಯ ಒಂದು ಕೋಣೆಯನ್ನು ಮಾತ್ರ ಮಾರಲು ಆಗುವುದಿಲ್ಲ. ಠೇವಣಿಯಲ್ಲಿರುವ ಹಣದಿಂದ ಅಷ್ಟನ್ನು ತೆಗೆದುಕೊಳ್ಳಬಹುದು.

ಇಲ್ಲಿ ಒಂದು ಷರತ್ತು ಇದೆ, ಅದನ್ನು ಒತ್ತಿ ಹೇಳದಿದ್ದರೆ ನನ್ನ ಮಾತು ಅಪಾಯಕಾರಿಯಾದೀತು. ಉಳಿದ ಹಣ ನಿಜವಾಗಿ ಉಳಿತಾಯಕ್ಕೆ ಹೋಗಬೇಕು. ಸಂಬಳ ಬಂದ ದಿನವೇ ಆವರ್ತ ಠೇವಣಿಗೋ ಸಾರ್ವಜನಿಕ ಭವಿಷ್ಯ ನಿಧಿಗೋ ಆ ಮೊತ್ತ ತಾನಾಗಿ ವರ್ಗವಾಗುವಂತೆ ಬ್ಯಾಂಕಿಗೆ ಸೂಚನೆ ಕೊಟ್ಟಿರಬೇಕು. ಸಾರ್ವಜನಿಕ ಭವಿಷ್ಯ ನಿಧಿಯ ಬಡ್ಡಿದರ 2020ರ ಏಪ್ರಿಲ್‌ನಲ್ಲಿ ಶೇ 7.1ಕ್ಕೆ ನಿಗದಿಯಾಗಿ ವರ್ಷಗಟ್ಟಲೆ ಅಲ್ಲೇ ನಿಂತಿದೆ, ವರ್ಷಕ್ಕೆ ಒಬ್ಬರು ಒಂದೂವರೆ ಲಕ್ಷದವರೆಗೆ ತೊಡಗಿಸಬಹುದು. ಹತ್ತು ವರ್ಷದೊಳಗಿನ ಹೆಣ್ಣುಮಗುವಿದ್ದರೆ ಸುಕನ್ಯಾ ಸಮೃದ್ಧಿ ಖಾತೆಯನ್ನು ಅಂಚೆ ಕಚೇರಿಯಲ್ಲೇ ತೆರೆಯಬಹುದು. ಹೆಚ್ಚಿನ ಲಾಭದ ಆಸೆಗೆ ಬೀದಿಯ ನೋಂದಣಿಯಿಲ್ಲದ ಚೀಟಿಗೆ ಈ ಹಣವನ್ನು ಹಾಕುವುದು ಬೇಡವೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ. ಬಾಡಿಗೆಯಲ್ಲಿ ಉಳಿಸಿದ್ದನ್ನು ಕಾರಿನ ಸಾಲಕ್ಕೂ ಮೊಬೈಲಿನ ಕಂತಿಗೂ ಹಾಕಿಬಿಡುವ ಕುಟುಂಬಕ್ಕೆ ಮನೆ ಸಾಲದ ಕಡ್ಡಾಯ ಕಂತೇ ಒಳ್ಳೆಯದು; ಅದು ಬಲವಂತದ ಉಳಿತಾಯವಾಗಿಯಾದರೂ ಕೆಲಸ ಮಾಡುತ್ತದೆ.

ಲೆಕ್ಕವನ್ನು ಬಿಟ್ಟು ಕಾಗದಪತ್ರಗಳ ವಿಚಾರಕ್ಕೆ ಬಂದರೆ, ನಮ್ಮಂಥ ಬೆಳೆಯುತ್ತಿರುವ ಊರಿನಲ್ಲಿ ಬಾಡಿಗೆಯ ಅನುಕೂಲ ಇನ್ನೂ ಸ್ಪಷ್ಟವಾಗುತ್ತದೆ. ನಗರದ ಅಂಚಿನಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆಂದು ಜನ ಕೊಳ್ಳುವ ಸೈಟುಗಳಲ್ಲಿ ಭೂಪರಿವರ್ತನೆ ಆಗದ, ನಗರಾಭಿವೃದ್ಧಿ ಪ್ರಾಧಿಕಾರದ ಅನುಮೋದನೆ ಇಲ್ಲದ ರೆವಿನ್ಯೂ ಸೈಟುಗಳೂ ಸೇರಿವೆ. ಅಂಥ ಸ್ವತ್ತುಗಳನ್ನು ತೆರಿಗೆಗಾಗಿ ಪ್ರತ್ಯೇಕವಾಗಿ ದಾಖಲಿಸುವ ಬಿ ಖಾತಾ ಕೊಡುವ ಅಭಿಯಾನವನ್ನು ರಾಜ್ಯ ಸರ್ಕಾರ 2025ರಲ್ಲಿ ನಡೆಸಿತು. ಬಿ ಖಾತಾ ಸಿಕ್ಕ ಮಾತ್ರಕ್ಕೆ ಬಡಾವಣೆ ಅನುಮೋದಿತವಾಯಿತೆಂದು ತಿಳಿಯುವಂತಿಲ್ಲ, ಅದರ ಮೇಲೆ ಸಾಲ ಕೊಡಲು ಹಿಂಜರಿಯುವ ಬ್ಯಾಂಕುಗಳೂ ಇವೆ. ಕೊಳ್ಳುವವನು ಮೂಲಪತ್ರದಿಂದ ಹಿಡಿದು ಇಂದಿನವರೆಗಿನ ಕ್ರಯಪತ್ರಗಳ ಸರಪಳಿಯನ್ನು ನೋಡಬೇಕು, ಸ್ವತ್ತಿನ ಮೇಲೆ ಅಡಮಾನ ಮುಂತಾದ ಹೊಣೆ ಇದೆಯೇ ಎಂದು ತೋರಿಸುವ ಋಣಭಾರ ಪ್ರಮಾಣಪತ್ರ ತೆಗೆಸಬೇಕು, ಜಮೀನು ಪಿತ್ರಾರ್ಜಿತವಾಗಿದ್ದರೆ ಹೆಣ್ಣುಮಕ್ಕಳೂ ಸಹಿ ಹಾಕಿದ್ದಾರೆಯೇ ಎಂದು ವಿಚಾರಿಸಬೇಕು. 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯ ನಂತರ ಮಗಳಿಗೂ ಮಗನಷ್ಟೇ ಹಕ್ಕಿರುವುದರಿಂದ ಅವರ ಒಪ್ಪಿಗೆ ಇಲ್ಲದ ಮಾರಾಟಗಳು ನ್ಯಾಯಾಲಯದ ಮೆಟ್ಟಿಲೇರುತ್ತವೆ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ್ದ ಜಮೀನು ಅದಾಗಿದ್ದರೆ, ಅದನ್ನು ಸರ್ಕಾರದ ಪೂರ್ವಾನುಮತಿ ಇಲ್ಲದೆ ಪರಭಾರೆ ಮಾಡುವುದನ್ನು 1978ರ ಪಿಟಿಸಿಎಲ್ ಕಾಯ್ದೆ ನಿಷೇಧಿಸಿದೆ. ಆ ನಿಷೇಧವೂ ನ್ಯಾಯವಾದದ್ದೇ, ಆದರೆ ಹಿಂದಿನದನ್ನು ವಿಚಾರಿಸದೆ ಕೊಂಡ ಅಮಾಯಕ ತನ್ನ ಜೀವಮಾನದ ಉಳಿತಾಯವನ್ನು ಕಳೆದುಕೊಳ್ಳುವ ಸಂಭವವಿದೆ. ಬಾಡಿಗೆದಾರನಿಗೆ ಈ ಯಾವ ಗೋಜಲೂ ಇಲ್ಲ. ಮನೆಯಲ್ಲಿ ಏನಾದರೂ ದೋಷ ಕಂಡರೆ ಅವನು ಕಳೆದುಕೊಳ್ಳುವುದು ಸಾಗಣೆಯ ಖರ್ಚನ್ನು ಮಾತ್ರ.

ಜೀವನೋಪಾಯದ ದೃಷ್ಟಿಯಿಂದಲೂ ಇದನ್ನು ನೋಡಬೇಕು. ತುಮಕೂರಿನಲ್ಲಿ ಇದ್ದುಕೊಂಡು ಬೆಳಗಿನ ರೈಲಿನಲ್ಲಿ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿಗೆ ಹೋಗಿ ಬರುವವರಿದ್ದಾರೆ. ವಸಂತನರಸಾಪುರದ ಕಾರ್ಖಾನೆಗಳಲ್ಲಿ ಪಾಳಿ ಕೆಲಸ ಮಾಡುವವರಿದ್ದಾರೆ. ಶಿರಾ, ಮಧುಗಿರಿ, ಕುಣಿಗಲ್ ಕಡೆಗೆ ದಿನವೂ ಬಸ್ಸಿನಲ್ಲಿ ಹೋಗುವ ಶಿಕ್ಷಕಿಯರಿದ್ದಾರೆ. ಗಂಡನಿಗೆ ಒಂದು ದಿಕ್ಕಿನಲ್ಲಿ, ಹೆಂಡತಿಗೆ ಇನ್ನೊಂದು ದಿಕ್ಕಿನಲ್ಲಿ ಉದ್ಯೋಗವಿರುವ ಮನೆಗಳು ಈಗ ಸಾಮಾನ್ಯ. ಇವರಲ್ಲಿ ಯಾರಿಗೇ ಆಗಲಿ ವರ್ಗಾವಣೆಯಾದರೆ, ಕೆಲಸ ಬದಲಾದರೆ, ಬಾಡಿಗೆಯವರು ಒಂದೆರಡು ತಿಂಗಳ ಮುನ್ಸೂಚನೆ ಕೊಟ್ಟು ಹೊಸ ಊರಿಗೆ ಹೋಗಬಲ್ಲರು. ಸಾಲದ ಮನೆಯವರಾದರೋ ಹೆಚ್ಚಿನ ಸಂಬಳದ ಕೆಲಸ ಸಿಕ್ಕರೂ ಊರು ಬಿಡಲಾರದೆ ಬಿಟ್ಟುಕೊಡುತ್ತಾರೆ, ಇಲ್ಲವೇ ಇಲ್ಲಿ ಕಂತು, ಅಲ್ಲಿ ಬಾಡಿಗೆ ಎರಡನ್ನೂ ಕಟ್ಟುತ್ತಾರೆ. ನನ್ನ ಮೇಜಿನ ಮುಂದೆ ಕುಳಿತು ಸಾಲದ ಅವಧಿ ವಿಸ್ತರಿಸಿಕೊಡಿ ಎಂದು ಕೇಳಿಕೊಂಡವರಲ್ಲಿ ಇಂಥವರೇ ಹೆಚ್ಚಾಗಿದ್ದರು.

ಊರಿನೊಳಗೇ ಮನೆ ಬದಲಿಸುವ ಸ್ವಾತಂತ್ರ್ಯವೂ ಸಣ್ಣದಲ್ಲ. ಮಕ್ಕಳು ಚಿಕ್ಕವರಿದ್ದಾಗ ಶಾಲೆಗೆ ನಡೆದು ಹೋಗುವಷ್ಟು ಹತ್ತಿರ, ಅವರು ಕಾಲೇಜಿಗೆ ಸೇರಿದಾಗ ಅದಕ್ಕೆ ಸಮೀಪ, ವಯಸ್ಸಾದ ತಾಯಿ ಬಂದು ಜೊತೆಗಿರುವಾಗ ಮೆಟ್ಟಿಲಿಲ್ಲದ ನೆಲಮಹಡಿ ಹೀಗೆ ಕುಟುಂಬದ ಅಗತ್ಯ ಬದಲಾದಂತೆ ಮನೆಯನ್ನೂ ಬದಲಾಯಿಸಿಕೊಳ್ಳಬಹುದು. ಒಂದು ಬಡಾವಣೆಯಲ್ಲಿ ನೆಲೆಸಬೇಕೆಂದಿರುವವರು ಮೊದಲು ಅಲ್ಲಿ ಒಂದು ಮಳೆಗಾಲ, ಒಂದು ಬೇಸಿಗೆ ಬಾಡಿಗೆಗೆ ಇದ್ದು ನೋಡುವುದು ಉತ್ತಮ. ಬುಗುಡನಹಳ್ಳಿ ಕೆರೆಗೆ ಬಂದು ನಗರಕ್ಕೆ ಹರಿಯುವ ಹೇಮಾವತಿಯ ನೀರು ಆ ಬೀದಿಗೆ ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಕೊಳವೆಬಾವಿಯಲ್ಲಿ ಏಪ್ರಿಲ್ ತಿಂಗಳಿಗೂ ನೀರಿರುತ್ತದೆಯೇ, ಜೋರು ಮಳೆಗೆ ಚರಂಡಿಯ ನೀರು ಎತ್ತ ಹೋಗುತ್ತದೆ ಎಂಬುದು ದಲ್ಲಾಳಿಯ ಜೊತೆ ಭಾನುವಾರ ಬೆಳಿಗ್ಗೆ ಹೋಗಿ ನೋಡಿ ಬಂದವರಿಗೆ ತಿಳಿಯುವುದಿಲ್ಲ.

ಭೋಗ್ಯದ ಬಗ್ಗೆ ಪ್ರತ್ಯೇಕವಾಗಿ ಒಂದು ಮಾತು ಹೇಳಬೇಕು, ಏಕೆಂದರೆ ನಮ್ಮ ಭಾಗದಲ್ಲಿ ಬಾಡಿಗೆಗಿಂತ ಅದೇ ಲಾಭವೆಂದು ನಂಬಿರುವವರು ಬಹಳ. ಒಂದು ದೊಡ್ಡ ಮೊತ್ತವನ್ನು ಮಾಲೀಕನಿಗೆ ಕೊಟ್ಟು, ತಿಂಗಳ ಬಾಡಿಗೆ ಇಲ್ಲದೆ ಎರಡು ಮೂರು ವರ್ಷ ಇದ್ದು, ಬಿಡುವಾಗ ಪೂರ್ತಿ ಹಣವನ್ನು ಹಿಂದಕ್ಕೆ ಪಡೆಯುವ ಪದ್ಧತಿ ಇದು. ತಿಂಗಳಿಗೆ 14,000 ಬಾಡಿಗೆ ಬರುವ ಮನೆಯನ್ನು 8 ಲಕ್ಷಕ್ಕೆ ಭೋಗ್ಯಕ್ಕೆ ಕೊಡುತ್ತಾರೆಂದುಕೊಳ್ಳಿ. ಆ 8 ಲಕ್ಷಕ್ಕೆ ಶೇ 7ರಂತೆ ಬರಬಹುದಾದ ಬಡ್ಡಿ ತಿಂಗಳಿಗೆ 4,700 ರೂಪಾಯಿಗಿಂತ ಕಡಿಮೆ. ಹಾಗಿದ್ದರೆ ಮಾಲೀಕ 14,000 ರೂಪಾಯಿ ಬಾಡಿಗೆಯನ್ನು ಏಕೆ ಬಿಟ್ಟುಕೊಡುತ್ತಿದ್ದಾನೆ ಎಂದು ಭೋಗ್ಯಕ್ಕೆ ಹೋಗುವವರು ತಮ್ಮನ್ನು ತಾವೇ ಕೇಳಿಕೊಳ್ಳಬೇಕು. ಮನೆ ಕಟ್ಟಲು ಮಾಡಿದ ಕೈಸಾಲ ತೀರಿಸುವ ಒತ್ತಡವಿರಬಹುದು, ವ್ಯಾಪಾರದಲ್ಲಿ ನಷ್ಟವಿರಬಹುದು, ಬ್ಯಾಂಕಿನ ಕಂತು ಬಾಕಿ ಬಿದ್ದಿರಬಹುದು. ಮನೆ ಮೊದಲೇ ಬ್ಯಾಂಕಿಗೆ ಅಡಮಾನವಾಗಿದ್ದು ಸಾಲ ಮರುಪಾವತಿಯಾಗದಿದ್ದರೆ, 2002ರ ಸರ್ಫೇಸಿ ಕಾಯ್ದೆಯ ಅಡಿಯಲ್ಲಿ ಬ್ಯಾಂಕ್ ಮನೆಯನ್ನು ವಶಕ್ಕೆ ಪಡೆದು ಹರಾಜು ಹಾಕಬಲ್ಲದು. ಆಗ ಭೋಗ್ಯದ ಹಣ ಕೊಟ್ಟವನು ಹಿಂದಿನ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಆದ್ದರಿಂದ ಭೋಗ್ಯಕ್ಕೆ ಹೋಗುವವರು ಮನೆ ಕೊಳ್ಳುವವರಷ್ಟೇ ಎಚ್ಚರದಿಂದ ಋಣಭಾರ ಪ್ರಮಾಣಪತ್ರವನ್ನು ತೆಗೆಸಿ ನೋಡಬೇಕು, ಹಣವನ್ನು ಬ್ಯಾಂಕ್ ಮೂಲಕವೇ ಕೊಡಬೇಕು, ಕರಾರನ್ನು ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿಕೊಳ್ಳಬೇಕು. ನನ್ನನ್ನು ಕೇಳಿದರೆ, ಜೀವಮಾನದ ಉಳಿತಾಯವೆಲ್ಲ ಆ ಎಂಟು ಲಕ್ಷವೇ ಆಗಿರುವವರು ಭೋಗ್ಯದಿಂದ ದೂರವಿದ್ದು ತಿಂಗಳ ಬಾಡಿಗೆಗೆ ಹೋಗುವುದೇ ಮೇಲು.

ಆದಾಯ ತೆರಿಗೆಯ ರಿಯಾಯಿತಿಗಾಗಿ ಮನೆ ಸಾಲ ಮಾಡಬೇಕು ಎಂಬ ಸಲಹೆ ಈಗ ಬಹುಮಟ್ಟಿಗೆ ಹಳೆಯದಾಗಿದೆ. ಹಳೆಯ ತೆರಿಗೆ ಪದ್ಧತಿಯಲ್ಲಿ ವಾಸದ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ, ಅದೇ ಪದ್ಧತಿಯಲ್ಲಿ ಬಾಡಿಗೆ ಕಟ್ಟುವ ನೌಕರನಿಗೂ ಮನೆ ಬಾಡಿಗೆ ಭತ್ಯೆಯ ಮೇಲೆ ವಿನಾಯಿತಿ ಇದೆ. ಹೊಸ ಪದ್ಧತಿಯನ್ನು ಆರಿಸಿಕೊಂಡವರಿಗೆ ಎರಡೂ ಇಲ್ಲ.

ಬಾಡಿಗೆದಾರರ ಬದುಕಿನಲ್ಲಿ ಕಷ್ಟಗಳಿಲ್ಲವೆಂದು ನಾನು ಹೇಳುವುದಿಲ್ಲ. ಜಾತಿ ಯಾವುದು, ಮಾಂಸ ತಿನ್ನುತ್ತೀರಾ ಎಂದು ಬಾಗಿಲಲ್ಲೇ ನಿಲ್ಲಿಸಿ ಕೇಳುವ ಮಾಲೀಕರು ಈ ಊರಿನಲ್ಲಿಯೂ ಇದ್ದಾರೆ, ಇದು ನಮ್ಮೆಲ್ಲರಿಗೂ ನಾಚಿಕೆಯ ಸಂಗತಿ. ಒಬ್ಬಂಟಿ ಮಹಿಳೆಯರಿಗೆ, ವಿಧವೆಯರಿಗೆ ಮನೆ ಸಿಗುವುದು ಇನ್ನೂ ಕಷ್ಟ. ಮನೆ ಬಿಡುವಾಗ ಬಣ್ಣದ ನೆಪ ಹೇಳಿ ಮುಂಗಡದಲ್ಲಿ ಹಣ ಮುರಿದುಕೊಳ್ಳುವುದು, ಮಗನಿಗೆ ಮದುವೆಯೆಂದು ಹೇಳಿ ಪರೀಕ್ಷೆಯ ಕಾಲದಲ್ಲೇ ಮನೆ ಖಾಲಿ ಮಾಡಿಸಿ ಮುಂದಿನ ತಿಂಗಳು ಹೆಚ್ಚಿನ ಬಾಡಿಗೆಗೆ ಬೇರೆಯವರನ್ನು ತರುವುದು ನಡೆಯುತ್ತಲೇ ಇರುತ್ತದೆ. ಬಾಡಿಗೆದಾರರಲ್ಲಿಯೂ ತಿಂಗಳುಗಟ್ಟಲೆ ಬಾಡಿಗೆ ಕೊಡದೆ ಸತಾಯಿಸುವವರಿದ್ದಾರೆ ಎಂಬುದನ್ನು ಒಪ್ಪುತ್ತೇನೆ. ಇವೆಲ್ಲವೂ ಬಾಡಿಗೆಯ ವ್ಯವಸ್ಥೆಯನ್ನು ಸರಿಪಡಿಸಬೇಕೆಂಬುದಕ್ಕೆ ಕಾರಣಗಳು. ಈ ಕಷ್ಟಗಳಿಗೆ ಹೆದರಿ ಇಪ್ಪತ್ತು ವರ್ಷಗಳ ಸಾಲಕ್ಕೆ ಕೊರಳೊಡ್ಡುವುದು ಪರಿಹಾರವಾಗಲಾರದು.

ಹನ್ನೊಂದು ತಿಂಗಳ ಕರಾರು ನಮ್ಮಲ್ಲಿ ರೂಢಿಗೆ ಬಂದಿರುವುದು 1908ರ ನೋಂದಣಿ ಕಾಯ್ದೆಯ ಪ್ರಕಾರ ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಬೇಕಾಗುತ್ತದೆ ಎಂಬ ಕಾರಣದಿಂದ. ಅದೂ ಇಲ್ಲದೆ ಬಾಯಿಮಾತಿನಲ್ಲೇ ವರ್ಷಗಟ್ಟಲೆ ಇರುವವರು ಎಷ್ಟೋ ಜನ. ಕೇಂದ್ರ ಸಚಿವ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೇಳಬಾರದು, ಕರಾರು ಬರವಣಿಗೆಯಲ್ಲೇ ಇರಬೇಕು, ಮಾಲೀಕ ಮನೆಯೊಳಗೆ ಬರುವುದಿದ್ದರೆ 24 ಗಂಟೆ ಮೊದಲು ತಿಳಿಸಬೇಕು ಎಂಬ ನಿಯಮಗಳಿವೆ, ವ್ಯಾಜ್ಯ ತೀರ್ಮಾನಕ್ಕೆ ಪ್ರತ್ಯೇಕ ಪ್ರಾಧಿಕಾರದ ವ್ಯವಸ್ಥೆಯೂ ಇದೆ. ಆದರೆ ಅದು ಮಾದರಿ ಮಾತ್ರ, ರಾಜ್ಯಗಳು ತಮ್ಮ ಕಾಯ್ದೆಯನ್ನು ಅದಕ್ಕೆ ಅನುಗುಣವಾಗಿ ಮಾಡಿಕೊಂಡರಷ್ಟೇ ಜನರಿಗೆ ಉಪಯೋಗ. ಈ ರಕ್ಷಣೆಗಳು ನಮ್ಮ ಬಾಡಿಗೆದಾರರಿಗೂ ಪೂರ್ತಿಯಾಗಿ ದೊರೆಯುವಂತೆ ಮಾಡುವುದನ್ನು ಜಿಲ್ಲೆಯ ಶಾಸಕರು ಸದನದಲ್ಲಿ ಒತ್ತಾಯಿಸಬೇಕು.

ಮುಪ್ಪಿನಲ್ಲಿ ಏನು ಗತಿ ಎಂಬ ಪ್ರಶ್ನೆಯನ್ನು ನನ್ನ ಸ್ನೇಹಿತರೇ ಕೇಳುತ್ತಾರೆ, ಅದು ನ್ಯಾಯವಾದ ಪ್ರಶ್ನೆ. ಪಿಂಚಣಿ ಇಲ್ಲದ, ಅಥವಾ ಕಾರ್ಮಿಕರ ಭವಿಷ್ಯ ನಿಧಿಯ ಅತ್ಯಲ್ಪ ಪಿಂಚಣಿಯನ್ನೇ ನೆಚ್ಚಿಕೊಂಡ ದಂಪತಿಗಳಿಗೆ ಎಪ್ಪತ್ತರ ವಯಸ್ಸಿನಲ್ಲಿ ಬಾಡಿಗೆ ಹೊರೆಯೇ ಸರಿ. ಆದರೆ ಮುಪ್ಪಿಗೆ ಬೇಕಾದ ಮನೆಯನ್ನು ಮೂವತ್ತರಲ್ಲೇ ಕೊಳ್ಳಬೇಕೆಂಬ ನಿಯಮವಿಲ್ಲ. ಇಪ್ಪತ್ತು ವರ್ಷ ಉಳಿಸಿದವರು ಐವತ್ತೈದರಲ್ಲಿ, ಮಕ್ಕಳು ಎಲ್ಲಿ ನೆಲೆಸುತ್ತಾರೆ, ಆಸ್ಪತ್ರೆ ಎಷ್ಟು ದೂರ, ತಮ್ಮ ಮೊಣಕಾಲು ಎಷ್ಟು ಮೆಟ್ಟಿಲು ಹತ್ತಬಲ್ಲದು ಎಂಬುದೆಲ್ಲ ತಿಳಿದ ಮೇಲೆ, ಸಾಲವಿಲ್ಲದೆ ಒಂದು ಸಣ್ಣ ಮನೆಯನ್ನು ಕೊಳ್ಳಬಹುದು. ಪಾವಗಡ, ಕೊರಟಗೆರೆ, ತುರುವೇಕೆರೆ ಕಡೆಯಿಂದ ಬಂದು ಇಲ್ಲಿ ನೆಲೆಸಿರುವ ಅನೇಕರಿಗೆ ಊರಿನಲ್ಲಿ ಹಿರಿಯರ ಮನೆಯೊಂದು ಬೀಗ ಹಾಕಿಕೊಂಡು ನಿಂತಿರುತ್ತದೆ. ಅದರ ಹೆಂಚು ಬದಲಿಸಿ ಸುಸ್ಥಿತಿಯಲ್ಲಿ ಇಟ್ಟುಕೊಳ್ಳಲು ನಗರದ ಒಂದು ಮನೆಯ ನೋಂದಣಿಗೆ ಹೋಗುವಷ್ಟು ಹಣವೇ ಸಾಕಾದೀತು. ಪೂರ್ತಿ ಹಣ ಕೈಯಲ್ಲಿರುವವರು, ಅಥವಾ ಇದೇ ಊರಿನಲ್ಲಿ ಕೊನೆಯವರೆಗೂ ಇರುವುದು ಖಚಿತವಾಗಿದ್ದು ಸಂಬಳದ ಕಾಲು ಭಾಗಕ್ಕೆ ಮೀರದ ಕಂತಿನಲ್ಲಿ ಮನೆ ಸಿಗುವವರು ಖಂಡಿತ ಕೊಳ್ಳಲಿ. ಎತ್ತಂಗಡಿಯ ಭಯದಲ್ಲಿ ಗುಡಿಸಲುಗಳಲ್ಲಿ ಬದುಕುವ ಬಡವರಿಗೆ ಸರ್ಕಾರ ಕೊಡಬೇಕಾದ ಸೂರಿನ ಮಾತು ಬೇರೆಯೇ, ಅದು ಅವರ ಹಕ್ಕು.

ಸಾಲ ಪಡೆದೇ ತೀರಬೇಕೆಂದಿರುವವರಲ್ಲಿ ನನ್ನ ಕೋರಿಕೆ ಇಷ್ಟು. ಸಾಲದ ನಿಜವಾದ ವಾರ್ಷಿಕ ವೆಚ್ಚ ಎಷ್ಟು, ಪ್ರತಿ ಕಂತಿನಲ್ಲಿ ಬಡ್ಡಿ ಎಷ್ಟು, ಅಸಲು ಎಷ್ಟು ಎಂಬುದನ್ನು ತಿಳಿಸುವ ಮುಖ್ಯಾಂಶಗಳ ವಿವರಣಾ ಪತ್ರವನ್ನು, ಸಾಲಗಾರನಿಗೆ ಅರ್ಥವಾಗುವ ಭಾಷೆಯಲ್ಲಿ, ಕರಾರಿಗೆ ಸಹಿ ಹಾಕಿಸುವ ಮೊದಲೇ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ನಿಯಮ ಮಾಡಿದೆ, ಅದು 2024ರ ಅಕ್ಟೋಬರ್‌ನಿಂದ ಹೊಸ ಸಾಲಗಳಿಗೆ ಜಾರಿಯಲ್ಲಿದೆ. ಆ ಪತ್ರವನ್ನು ಕನ್ನಡದಲ್ಲಿಯೇ ಕೇಳಿ ಪಡೆಯಿರಿ, ಮನೆಗೆ ಒಯ್ದು ಗಂಡಹೆಂಡಿರಿಬ್ಬರೂ ಕುಳಿತು ಓದಿ, ಅದರ ಪಕ್ಕದಲ್ಲಿ ಈಗ ಕಟ್ಟುತ್ತಿರುವ ಬಾಡಿಗೆಯನ್ನೂ ಬರೆದು ನೋಡಿ, ಆಮೇಲೆ ಸಹಿ ಮಾಡುವುದನ್ನು ನಿರ್ಧರಿಸಿ. ನಮ್ಮ ಜಿಲ್ಲೆಯ ಬ್ಯಾಂಕ್ ಶಾಖೆಗಳ ವ್ಯವಸ್ಥಾಪಕರು ಈ ವಿವರಣಾ ಪತ್ರದ ಕನ್ನಡ ಪ್ರತಿಯನ್ನು ಗ್ರಾಹಕರು ಕೇಳುವವರೆಗೆ ಕಾಯದೆ ತಾವಾಗಿಯೇ ಕೊಡುವ ವ್ಯವಸ್ಥೆ ಮಾಡಬೇಕೆಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಓರ್ವ ನಿವೃತ್ತ ಬ್ಯಾಂಕ್ ಅಧಿಕಾರಿ,
ತುಮಕೂರು